ವಾಷಿಂಗ್ ಸೋಡಾದಿಂದ ಸಾಬೂನು ಏಕೆ ಆಗುವುದಿಲ್ಲ?

ಓದುಗರ ಪ್ರಶ್ನೆ: ಮನೆಯಲ್ಲೇ ಕೊಬ್ಬರಿ ಎಣ್ಣೆಯಿಂದ ಸಾಬೂನು ಮಾಡಬೇಕೆಂದಿದ್ದೇವೆ. ಎಲ್ಲರೂ ಕಾಸ್ಟಿಕ್ ಸೋಡಾ ಬೇಕೇ ಬೇಕು ಎನ್ನುತ್ತಾರೆ, ಅದನ್ನು ಮುಟ್ಟಲು ಭಯ. ಅಡುಗೆ ಸೋಡಾ ಮತ್ತು ವಾಷಿಂಗ್ ಸೋಡಾ ಕೂಡ ಸೋಡಿಯಂನ ಸಂಯುಕ್ತಗಳೇ ಅಲ್ಲವೇ? ಅವುಗಳಲ್ಲಿ ಒಂದನ್ನು ಬಳಸಿ ಸಾಬೂನು ಮಾಡಲು ಬರುವುದಿಲ್ಲವೇ?

ಉತ್ತರ: ಅಡುಗೆ ಸೋಡಾದಿಂದ ಖಂಡಿತ ಬರುವುದಿಲ್ಲ. ವಾಷಿಂಗ್ ಸೋಡಾದಿಂದ ತಾಜಾ ಎಣ್ಣೆಯನ್ನು ಸಾಬೂನಾಗಿಸುವುದು ಮನೆಯ ಒಲೆಯ ಮೇಲೆ ಆಗುವ ಕೆಲಸವಲ್ಲ. ಮೂರರಲ್ಲೂ ಸೋಡಿಯಂ ಇರುವುದು ನಿಜ. ಆದರೆ ಎಣ್ಣೆಯನ್ನು ಒಡೆಯುವುದು ಸೋಡಿಯಂ ಅಲ್ಲ, ಕಾಸ್ಟಿಕ್ ಸೋಡಾದಲ್ಲಿ ಅದರ ಜೊತೆಗಿರುವ ಹೈಡ್ರಾಕ್ಸೈಡ್ ಎಂಬ ಅಯಾನು (ವಿದ್ಯುದಂಶವುಳ್ಳ ಕಣ). ಸೋಡಿಯಂಗೆ ಜೋಡಿಯಾಗಿರುವುದು ವಾಷಿಂಗ್ ಸೋಡಾದಲ್ಲಿ ಕಾರ್ಬೋನೇಟ್, ಅಡುಗೆ ಸೋಡಾದಲ್ಲಿ ಬೈಕಾರ್ಬೋನೇಟ್. ಸೋಡಿಯಂನ ಕೆಲಸ ಶುರುವಾಗುವುದು ಎಣ್ಣೆ ಒಡೆದ ಮೇಲೆ.

ಎಣ್ಣೆಯ ಒಂದು ಅಣುವಿನಲ್ಲಿ ಒಂದು ಗ್ಲಿಸರಾಲ್‌ಗೆ ಮೂರು ಕೊಬ್ಬಿನಾಮ್ಲಗಳು ಎಸ್ಟರ್ ಬಂಧದ ಮೂಲಕ ಅಂಟಿಕೊಂಡಿರುತ್ತವೆ. ಕೊಬ್ಬುಗಳು ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳಿಂದ ಆಗಿವೆ ಎಂದು ತೋರಿಸಿದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯುಜೀನ್ ಶೆವ್ರಲ್. ಅವನ ಸಂಶೋಧನೆಗಳು 1823ರಲ್ಲಿ ಗ್ರಂಥವಾಗಿ ಹೊರಬಂದವು. ಅದಕ್ಕೂ ಮೊದಲು ಸಾವಿರಾರು ವರ್ಷ ಜನ ಸಾಬೂನು ಮಾಡುತ್ತಿದ್ದರು, ಪಾತ್ರೆಯೊಳಗೆ ಏನು ನಡೆಯುತ್ತಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹೈಡ್ರಾಕ್ಸೈಡ್ ಅಯಾನು ಎಸ್ಟರ್ ಬಂಧದ ಕಾರ್ಬನ್ ಪರಮಾಣುವಿನ ಮೇಲೆ ಎರಗಿ, ಕೊಬ್ಬಿನಾಮ್ಲವನ್ನು ಗ್ಲಿಸರಾಲ್‌ನಿಂದ ಬೇರ್ಪಡಿಸುತ್ತದೆ. ಹಾಗೆ ಬಿಡುಗಡೆಯಾದ ಆಮ್ಲ ಕ್ಷಾರದ ನಡುವೆ ಆಮ್ಲವಾಗಿ ಉಳಿಯಲಾರದೆ ತಕ್ಷಣವೇ ಲವಣವಾಗುತ್ತದೆ. ಆ ಲವಣವೇ ಸಾಬೂನು. ಲವಣವಾದ ಮೇಲೆ ಅದು ಮರಳಿ ಗ್ಲಿಸರಾಲ್‌ಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ಕ್ರಿಯೆ ಒಂದೇ ದಿಕ್ಕಿನಲ್ಲಿ ಕೊನೆಯವರೆಗೂ ಸಾಗುತ್ತದೆ. ಒಂದು ಎಣ್ಣೆಯ ಅಣುವಿಗೆ ಮೂರು ಹೈಡ್ರಾಕ್ಸೈಡ್‌ಗಳು ಖರ್ಚಾಗುತ್ತವೆ ಎಂಬುದನ್ನು ಗಮನಿಸಬೇಕು. ಇಲ್ಲಿ ಕ್ಷಾರ ಬರೀ ಪ್ರೇರಕವಲ್ಲ, ಪದಾರ್ಥವೇ. ಸರಿಯಾದ ಅಳತೆಯಲ್ಲಿ ಮಾಡಿದ ಸಾಬೂನು ಚರ್ಮವನ್ನು ಸುಡದಿರಲು ಕಾರಣವೂ ಇದೇ: ಕಾಸ್ಟಿಕ್ ಸೋಡಾ ಅದರೊಳಗೆ ಅಡಗಿ ಕುಳಿತಿರುವುದಿಲ್ಲ, ಪೂರ್ತಿ ಖರ್ಚಾಗಿರುತ್ತದೆ.

ಈಗ ಮೂರು ಸೋಡಾಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ನೋಡೋಣ. ಒಂದು ಲೀಟರ್ ದ್ರಾವಣದಲ್ಲಿ 40 ಗ್ರಾಂ ಕಾಸ್ಟಿಕ್ ಸೋಡಾ ಇದ್ದರೆ, ಅಂದರೆ ಒಂದು ಮೋಲ್ (ಕಣಗಳ ಒಂದು ನಿಗದಿತ ಎಣಿಕೆ) ಇದ್ದರೆ, ಅಷ್ಟೂ ಬಿಡಿಬಿಡಿಯಾಗಿ ಒಂದು ಮೋಲ್ ಹೈಡ್ರಾಕ್ಸೈಡ್ ದೊರೆಯುತ್ತದೆ. ನೀರಿನಂಶವಿಲ್ಲದ ವಾಷಿಂಗ್ ಸೋಡಾದ ಒಂದು ಮೋಲ್, ಅಂದರೆ 106 ಗ್ರಾಂ, ಕರಗಿಸಿದರೆ ಕಾರ್ಬೋನೇಟ್‌ನ ಒಂದು ಸಣ್ಣ ಭಾಗ ಮಾತ್ರ ನೀರಿನೊಡನೆ ವರ್ತಿಸಿ ಹೈಡ್ರಾಕ್ಸೈಡ್ ಕೊಡುತ್ತದೆ. ಲೆಕ್ಕ ಹಾಕಿದರೆ ಅದು ಸುಮಾರು 0.014 ಮೋಲ್, ಅಂದರೆ ಕಾಸ್ಟಿಕ್ ಸೋಡಾ ಕೊಟ್ಟದ್ದರ ಎಪ್ಪತ್ತನೇ ಒಂದು ಪಾಲು. ಅಡುಗೆ ಸೋಡಾದ ದ್ರಾವಣದ ಪಿಎಚ್ (ಆಮ್ಲ-ಕ್ಷಾರ ಗುಣದ ಅಳತೆ) 8.3ರ ಆಸುಪಾಸಿನಲ್ಲಿರುತ್ತದೆ, ಅಲ್ಲಿ ಹೈಡ್ರಾಕ್ಸೈಡ್‌ನ ಪ್ರಮಾಣ ಐದು ಲಕ್ಷದಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅಡುಗೆ ಸೋಡಾವನ್ನು ನಾವು ಇಡ್ಲಿ ಹಿಟ್ಟಿಗೆ ಹಾಕಿ ತಿನ್ನುತ್ತೇವೆ, ವಾಷಿಂಗ್ ಸೋಡಾ ಕೈಯನ್ನು ಒರಟಾಗಿಸುತ್ತದೆ, ಕಾಸ್ಟಿಕ್ ಸೋಡಾ ಸುಡುತ್ತದೆ ಎಂಬ ದಿನನಿತ್ಯದ ಅನುಭವದ ಹಿಂದೆ ಇರುವುದು ಇವೇ ಅಂಕಿಗಳು.

ರಸಾಯನಶಾಸ್ತ್ರ ಓದಿದವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಹೈಡ್ರಾಕ್ಸೈಡ್ ಖರ್ಚಾದಂತೆ ಕಾರ್ಬೋನೇಟ್ ಮತ್ತಷ್ಟನ್ನು ಒದಗಿಸುತ್ತದಲ್ಲವೇ, ತಡವಾದರೂ ಕೆಲಸ ಆಗಲೇಬೇಕಲ್ಲವೇ? ಒದಗಿಸುತ್ತದೆ, ಆದರೆ ಪ್ರತಿ ಸಲ ಒದಗಿಸಿದಾಗಲೂ ಹಿಂದೆ ಬೈಕಾರ್ಬೋನೇಟ್ ಉಳಿಯುತ್ತದೆ, ಮತ್ತು ಅದು ಹೆಚ್ಚಾದಷ್ಟೂ ಮುಂದಿನ ಪೂರೈಕೆ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಎಣ್ಣೆ ಮತ್ತು ನೀರು ಬೆರೆಯದ ದ್ರವಗಳಾದ್ದರಿಂದ ಕ್ರಿಯೆ ನಡೆಯುವುದು ಅವೆರಡೂ ತಾಗುವ ಅಂಚಿನಲ್ಲಿ ಮಾತ್ರ. ಹೀಗಾಗಿ ಮೊದಲೇ ನಿಧಾನವಾಗಿದ್ದ ಕ್ರಿಯೆ ಇನ್ನಷ್ಟು ನಿಧಾನವಾಗುತ್ತಾ ನಿಂತೇಹೋಗುತ್ತದೆ. ದಿನವಿಡೀ ಕುದಿಸಿದರೂ ಎಣ್ಣೆ ಎಣ್ಣೆಯಾಗಿಯೇ ಮೇಲೆ ತೇಲುತ್ತಿರುತ್ತದೆ.

ಒಂದು ಅಪವಾದವಿದೆ. ಎಣ್ಣೆಯನ್ನು ಮೊದಲೇ ಬೇರೆ ರೀತಿಯಲ್ಲಿ ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸಿಟ್ಟಿದ್ದರೆ, ಅವುಗಳನ್ನು ಸಾಬೂನಾಗಿಸಲು ವಾಷಿಂಗ್ ಸೋಡಾ ಧಾರಾಳವಾಗಿ ಸಾಕು, ಏಕೆಂದರೆ ಅಲ್ಲಿ ಬಂಧ ಮುರಿಯುವ ಕೆಲಸ ಬಾಕಿ ಇರುವುದಿಲ್ಲ. ಆಮ್ಲವನ್ನು ತಟಸ್ಥಗೊಳಿಸಿದರೆ ಮುಗಿಯಿತು. ದೊಡ್ಡ ಕಾರ್ಖಾನೆಗಳಲ್ಲಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ವಾತಾವರಣಕ್ಕಿಂತ ಐವತ್ತು ಪಟ್ಟು ಒತ್ತಡದಲ್ಲಿ ಎಣ್ಣೆಯನ್ನು ಬರೀ ನೀರಿನಿಂದಲೇ ಒಡೆಯುವ ಪದ್ಧತಿ ಇದೆ. ಅಡುಗೆಮನೆಯ ಪ್ರೆಷರ್ ಕುಕ್ಕರ್ ಮುಟ್ಟುವುದು 120 ಡಿಗ್ರಿ ಮತ್ತು ಎರಡು ಪಟ್ಟು ಒತ್ತಡವನ್ನು ಎಂಬುದನ್ನು ನೆನೆದರೆ, ಇದು ನಮ್ಮ ಕೈಗೆ ಎಟುಕುವುದಲ್ಲ ಎಂಬುದು ಸ್ಪಷ್ಟ. ಆದರೆ ಈ ಅಪವಾದದ ಒಂದು ಎಳೆ ಮನೆಯಲ್ಲೂ ಕಾಣಿಸುತ್ತದೆ. ಹಲವು ಸಲ ಕರಿದ ಎಣ್ಣೆಯಲ್ಲಿ ಸ್ವಲ್ಪ ಕೊಬ್ಬಿನಾಮ್ಲ ತಾನಾಗಿಯೇ ಬಿಡುಗಡೆಯಾಗಿರುತ್ತದೆ. ಅದಕ್ಕೆ ಬಿಸಿ ವಾಷಿಂಗ್ ಸೋಡಾ ದ್ರಾವಣ ಬೆರೆಸಿ ಕಲಕಿದರೆ ಬಿಳಿ ಕಲಕು, ಒಂದಿಷ್ಟು ನೊರೆ ಬರುತ್ತದೆ. ಅದನ್ನು ಕಂಡು ಸಾಬೂನು ಆಯಿತೆಂದು ಸಂಭ್ರಮಿಸುವ ವಿಡಿಯೋಗಳು ಸಾಕಷ್ಟಿವೆ. ಆಗಿರುವುದು ಆ ಅಲ್ಪ ಭಾಗ ಮಾತ್ರ. ಉಳಿದ ಎಣ್ಣೆ ಅಲ್ಲೇ ಇರುತ್ತದೆ. ಬಟ್ಟೆ ಸೋಪಿನ ಹೊದಿಕೆಯ ಮೇಲೆ ಸೋಡಾದ ಹೆಸರು ಕಂಡು ಗೊಂದಲಗೊಂಡವರಿಗೂ ಒಂದು ಮಾತು: ಅಲ್ಲಿ ಅದನ್ನು ಸೇರಿಸುವುದು ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಸಾಬೂನನ್ನು ನುಂಗಿ ಬಿಳಿ ಗಸಿಯಾಗಿಸುವ ಮೊದಲೇ ಆ ಕ್ಯಾಲ್ಸಿಯಂ ಅನ್ನು ಹಿಡಿದು ಕೂರಿಸಲು.

ಹಾಗಾದರೆ ಕಾಸ್ಟಿಕ್ ಸೋಡಾ ಅಂಗಡಿಯಲ್ಲಿ ಸಿಗದ ಕಾಲದಲ್ಲಿ ಸಾಬೂನು ಮಾಡುತ್ತಿದ್ದುದು ಹೇಗೆ? ಮೆಡಿಟರೇನಿಯನ್ ತೀರದಲ್ಲಿ ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿಯಿಂದ ಸೋಡಿಯಂ ಕಾರ್ಬೋನೇಟ್ ತೆಗೆಯುತ್ತಿದ್ದರು. ನಮ್ಮ ಬಯಲುಸೀಮೆಯ ಚೌಳು ಮಣ್ಣಿನಲ್ಲೂ ಅದೇ ಪದಾರ್ಥವಿದೆ. ಮಡಿವಾಳರು ಅದನ್ನು ಬಟ್ಟೆ ಒಗೆಯಲು ನೇರವಾಗಿಯೇ ಬಳಸುತ್ತಿದ್ದರು. 1791ರಲ್ಲಿ ನಿಕೊಲಾ ಲೆಬ್ಲಾಂಕ್, 1861ರಲ್ಲಿ ಅರ್ನೆಸ್ಟ್ ಸಾಲ್ವೆ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಗಳನ್ನು ಕಂಡುಕೊಂಡಾಗಲೂ ಅವರಿಗೆ ಸಿಕ್ಕಿದ್ದು ಕಾರ್ಬೋನೇಟ್ ಮಾತ್ರ. ಅದರಿಂದ ಸಾಬೂನು ಆಗದೆಂಬುದು ಸಾಬೂನು ಮಾಡುವವರಿಗೆ ಚೆನ್ನಾಗಿ ತಿಳಿದಿತ್ತು, ಆದ್ದರಿಂದ ಅವರು ಸೋಡಾ ದ್ರಾವಣಕ್ಕೆ ನೀರು ಹಾಕಿ ಅರಳಿಸಿದ ಸುಣ್ಣವನ್ನು ಸೇರಿಸುತ್ತಿದ್ದರು. ಸುಣ್ಣದಲ್ಲಿರುವ ಕ್ಯಾಲ್ಸಿಯಂ, ಸೋಡಾದ ಕಾರ್ಬೋನೇಟನ್ನು ತನ್ನ ಕಡೆ ಸೆಳೆದುಕೊಂಡು ಸೀಮೆಸುಣ್ಣದ ಪುಡಿಯಾಗಿ ತಳ ಸೇರುತ್ತದೆ, ಸೋಡಿಯಂ ಮತ್ತು ಹೈಡ್ರಾಕ್ಸೈಡ್ ಮೇಲಿನ ತಿಳಿಯಲ್ಲಿ ಉಳಿಯುತ್ತವೆ. 106 ಗ್ರಾಂ ಸೋಡಾ, 74 ಗ್ರಾಂ ಸುಣ್ಣ ಸೇರಿದರೆ 80 ಗ್ರಾಂ ಕಾಸ್ಟಿಕ್ ಸೋಡಾ ಹುಟ್ಟುತ್ತದೆ. ಈ ದಾರಿ ಇಂದಿಗೂ ತೆರೆದೇ ಇದೆ, ಆದರೆ ಪ್ರಶ್ನೆ ಕೇಳಿದವರ ಭಯಕ್ಕೆ ಇದರಿಂದ ಪರಿಹಾರವಿಲ್ಲ. ಪಾತ್ರೆಯಲ್ಲಿ ಕೊನೆಗೆ ಇರುವುದು ಅದೇ ಕಾಸ್ಟಿಕ್ ಸೋಡಾ, ಅದೂ ಎಷ್ಟು ಪ್ರಬಲವೆಂದು ಅಳೆಯಲು ಬಾರದ ಸ್ಥಿತಿಯಲ್ಲಿ. ಈಗ ಉಪ್ಪುನೀರಿನಲ್ಲಿ ವಿದ್ಯುತ್ ಹರಿಸಿ ಅದನ್ನು ನೇರವಾಗಿ ತಯಾರಿಸುತ್ತಾರೆ. ಜೊತೆಯಲ್ಲಿ ಕ್ಲೋರಿನ್ ಮತ್ತು ಹೈಡ್ರೋಜನ್ ದೊರೆಯುತ್ತವೆ. ಕಾರವಾರದ ಬಿಣಗಾದಲ್ಲಿ ಇಂಥ ಕಾರ್ಖಾನೆ ಇದೆ.

ಇನ್ನು ಸೋಡಿಯಂನ ಪಾತ್ರ. ಕಟ್ಟಿಗೆಯ ಬೂದಿಯ ಕ್ಷಾರದಲ್ಲಿ ಹೆಚ್ಚಾಗಿರುವುದು ಪೊಟ್ಯಾಸಿಯಂ. ಅದನ್ನು ಸುಣ್ಣದಿಂದ ತೀಕ್ಷ್ಣಗೊಳಿಸಿ ಎಣ್ಣೆಯೊಡನೆ ಕುದಿಸಿದರೆ ಸಾಬೂನೇನೋ ಆಗುತ್ತದೆ, ಆದರೆ ಅದು ಅಂಟಂಟಾದ ಲೇಹದಂತಿರುತ್ತದೆ. ದ್ರವ ಸಾಬೂನಿಗೆ ಇಂದಿಗೂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನೇ ಬಳಸುವುದು ಇದಕ್ಕಾಗಿ. ಗಟ್ಟಿ ಬಿಲ್ಲೆಯಾಗಬೇಕಾದರೆ ಸೋಡಿಯಂ ಬೇಕು. ಬೂದಿಯಿಂದ ಸಾಬೂನು ಮಾಡುತ್ತಿದ್ದವರು ಕುದಿಯುವ ಹಂಡೆಗೆ ಹಿಡಿಹಿಡಿಯಾಗಿ ಅಡುಗೆ ಉಪ್ಪು ಸುರಿಯುತ್ತಿದ್ದರು; ಉಪ್ಪಿನ ಸೋಡಿಯಂ ಪೊಟ್ಯಾಸಿಯಂನ ಜಾಗ ಹಿಡಿಯುತ್ತಿತ್ತು, ಮತ್ತು ಸೋಡಿಯಂ ಸಾಬೂನು ಉಪ್ಪುನೀರಿನಲ್ಲಿ ಕರಗದ್ದರಿಂದ ಮೊಸರಿನ ಗಡ್ಡೆಗಳಂತೆ ಒಡೆದು ಮೇಲೆ ಬರುತ್ತಿತ್ತು. ಕೆಳಗಿನ ನೀರಿನಲ್ಲಿ ಗ್ಲಿಸರಾಲ್ ಉಳಿಯುತ್ತಿತ್ತು. ಕೊಬ್ಬರಿ ಎಣ್ಣೆಯ ಸಾಬೂನು ಮಾತ್ರ ಇಲ್ಲಿ ಸ್ವಲ್ಪ ಹಟಮಾರಿ: ಅದರ ಕೊಬ್ಬಿನಾಮ್ಲಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಚಿಕ್ಕ ಸರಪಳಿಯ ಲಾರಿಕ್ ಆಮ್ಲವಾದ್ದರಿಂದ ಅದನ್ನು ಬೇರ್ಪಡಿಸಲು ಬಹಳ ಉಪ್ಪು ಬೇಕು. ಅದೇ ಗುಣದಿಂದ ಅದು ಸಮುದ್ರದ ನೀರಿನಲ್ಲೂ ನೊರೆ ಕೊಡುತ್ತದೆ, ನಾವಿಕರು ಅದನ್ನು ಒಯ್ಯುತ್ತಿದ್ದುದೂ ಈ ಕಾರಣಕ್ಕೆ.

ಮೂರು ಸೋಡಾಗಳು ಒಂದರಿಂದೊಂದು ಹುಟ್ಟುತ್ತವೆ ಎಂಬುದನ್ನೂ ತಿಳಿದಿರಬೇಕು. ಅಡುಗೆ ಸೋಡಾವನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ, 100 ಗ್ರಾಂ ಇದ್ದದ್ದು 63 ಗ್ರಾಂ ವಾಷಿಂಗ್ ಸೋಡಾ ಆಗುತ್ತದೆ. ಅಲ್ಲಿಂದ ಮುಂದೆ ಎಷ್ಟೇ ಹುರಿದರೂ ಅದು ಕಾಸ್ಟಿಕ್ ಸೋಡಾ ಆಗುವುದಿಲ್ಲ. ಹಿಮ್ಮುಖದ ಪಯಣ ಮಾತ್ರ ಸುಲಭ: ಮುಚ್ಚಳ ಸಡಿಲವಾದ ಡಬ್ಬಿಯಲ್ಲಿನ ಕಾಸ್ಟಿಕ್ ಸೋಡಾ ಗಾಳಿಯ ತೇವ ಹೀರಿ ಜಿನುಗುತ್ತದೆ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಂಡು ನಿಧಾನವಾಗಿ ಕಾರ್ಬೋನೇಟ್ ಆಗುತ್ತದೆ. ಅಳತೆ ಸರಿಯಿದ್ದರೂ ಸಾಬೂನು ಗಟ್ಟಿಯಾಗಲಿಲ್ಲ, ಮೇಲೆ ಎಣ್ಣೆ ನಿಂತಿತು ಎಂದು ದೂರುವವರು ಮೊದಲು ತಮ್ಮ ಡಬ್ಬಿಯನ್ನು ಅನುಮಾನಿಸುವುದು ಒಳ್ಳೆಯದು. ಹೊಸ ಸಾಬೂನಿನ ಮೇಲೆ ಮೂಡುವ ಬಿಳಿ ಬೂದಿಯಂಥ ಪದರವೂ ಹೀಗೆಯೇ ಆದ ಕಾರ್ಬೋನೇಟ್. ಅದನ್ನು ಕೆರೆದು ತೆಗೆಯಬಹುದು.

ಆದ್ದರಿಂದ ಬದಲಿ ಹುಡುಕುವುದಕ್ಕಿಂತ ಕಾಸ್ಟಿಕ್ ಸೋಡಾವನ್ನು ಸರಿಯಾಗಿ ಬಳಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಲೆಕ್ಕದ ಪ್ರಕಾರ ಸುಮಾರು 183 ಗ್ರಾಂ ಬೇಕು. ನೂರಕ್ಕೆ ಐದರಷ್ಟು ಕಡಿಮೆ, ಅಂದರೆ 174 ಗ್ರಾಂ ಹಾಕಿದರೆ ಸ್ವಲ್ಪ ಎಣ್ಣೆ ಉಳಿದು ಕ್ಷಾರ ಪೂರ್ತಿ ಖರ್ಚಾಗುತ್ತದೆ. ಎಣ್ಣೆ ಬದಲಾದರೆ ಅಳತೆಯೂ ಬದಲಾಗುತ್ತದೆ: ಆಲಿವ್ ಎಣ್ಣೆಗೆ ಸುಮಾರು 135 ಗ್ರಾಂ ಸಾಕು. ಚಮಚದ ಅಳತೆ ಬೇಡ, ತೂಕವೇ ಆಗಬೇಕು. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ಸೋಡಾ ತಿಂದು ಹೈಡ್ರೋಜನ್ ಅನಿಲ ಬಿಡುವುದರಿಂದ ಸ್ಟೀಲ್ ಪಾತ್ರೆಯನ್ನೇ ಬಳಸಬೇಕು. ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು, ಏಕೆಂದರೆ ಕರಗುವಾಗ ಹುಟ್ಟುವ ಶಾಖಕ್ಕೆ ದ್ರಾವಣ ಸಿಡಿಯುತ್ತದೆ. ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಕಡ್ಡಾಯ. ಚರ್ಮಕ್ಕೆ ತಾಗಿದಾಗ ಜಾರುವಂತೆನಿಸುವುದು ಅಲ್ಲಿನ ಕೊಬ್ಬೇ ಸಾಬೂನಾಗುತ್ತಿರುವುದರಿಂದ. ಆಗ ವಿನಿಗರ್, ನಿಂಬೆರಸ ಎಂದು ಹುಡುಕುತ್ತಾ ಕೂರದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು, ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಹೋಗುವ ಏರ್ಪಾಡು ಮಾಡಬೇಕು.