ಓಟದ ಗಜಗಳು ಯಾರ ಸಂಪಾದನೆ?

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ನ ಹೈಸ್ಕೂಲ್ ತಂಡವೊಂದರಲ್ಲಿ ಅಫೆನ್ಸಿವ್ ಲೈನ್‌ಗೆ, ಅಂದರೆ ಎದುರಾಳಿಗಳನ್ನು ತಡೆದು ದಾರಿ ಮಾಡಿಕೊಡುವ ಮುಂಸಾಲಿನ ಐವರಿಗೆ, ತರಬೇತಿ ಕೊಡುವ ನನ್ನನ್ನು ಪೋಷಕರು ಪ್ರತಿ ವರ್ಷವೂ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಓಟ ಸಾಗುತ್ತಿಲ್ಲವೆಂದ ಮೇಲೆ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನನ್ನು ಏಕೆ ಬದಲಿಸಬಾರದು? ಈ ಪ್ರಶ್ನೆ ಕೇಳಿ ಕೇಳಿ ನನ್ನ ತಾಳ್ಮೆ ಸವೆದಿದೆ. ಒಂದು ಗಜವೂ ಸಾಗದೆ ನೆಲಕ್ಕುರುಳಿದ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಅವನ ಮುಂದಿದ್ದ ಐವರು ಏನು ಮಾಡಿದರೆಂಬುದನ್ನು ಗಮನಿಸಿದವರು ವಿರಳ.

ವೃತ್ತಿಪರ ತಂಡ ಡೆನ್ವರ್ ಬ್ರಾಂಕೋಸ್‌ನ ರನ್ನಿಂಗ್ ಬ್ಯಾಕ್ ಟೆರೆಲ್ ಡೇವಿಸ್ 1998ರಲ್ಲಿ 2,008 ಗಜ ಓಡಿದರು. ಮರುವರ್ಷ ಅವರ ಮೊಣಕಾಲಿಗೆ ಪೆಟ್ಟಾದಾಗ ಹೊಸಬ ಒಲಾಂಡಿಸ್ ಗ್ಯಾರಿ 1,159 ಗಜ ಓಡಿದರೆ, 2000ದಲ್ಲಿ ಇನ್ನೊಬ್ಬ ಹೊಸಬ ಮೈಕ್ ಆ್ಯಂಡರ್ಸನ್ 1,487 ಗಜ ಓಡಿದರು. ಓಡುವವರು ಬದಲಾದರು, ಲೈನ್ ಕೋಚ್ ಅಲೆಕ್ಸ್ ಗಿಬ್ಸ್ ಕಲಿಸಿದ ಜೋನ್ ಬ್ಲಾಕಿಂಗ್ (ಗೊತ್ತುಮಾಡಿದ ಒಬ್ಬ ಎದುರಾಳಿಯನ್ನಲ್ಲ, ತನ್ನ ಪಾಲಿನ ಜಾಗಕ್ಕೆ ಬಂದವನನ್ನು ತಡೆಯುವ ವಿಧಾನ) ಬದಲಾಗಲಿಲ್ಲ, ನಡುವೆ ನಿಂತ ಸೆಂಟರ್ ಟಾಮ್ ನೇಲನ್ ಕೂಡ ಬದಲಾಗಲಿಲ್ಲ. ಆ ಲೈನ್‌ನವರು ಅಂದಿನ ಲೆಕ್ಕಕ್ಕೆ ಹಗುರ ಮೈಯವರು ಎಂಬುದನ್ನು, ತೂಕವೇ ಎಲ್ಲ ಎಂದು ನಂಬಿದವರು ಗಮನಿಸಬೇಕು.

ಕಳೆದ ವರ್ಷ ಮುನಿಸಿಕೊಂಡು ಬಂದ ಒಬ್ಬ ಕನ್ನಡಿಗ ತಂದೆಗೆ ಸೋತ ಪಂದ್ಯದ ಓಟದ ಒಂದೇ ಪ್ರಯತ್ನವನ್ನು ವಿಡಿಯೊದಲ್ಲಿ ಐದು ಸಲ ತೋರಿಸಿದೆ. ಸೆಂಟರ್ ಮತ್ತು ಅವನ ಎಡಕ್ಕೆ ನಿಲ್ಲುವ ಗಾರ್ಡ್ ಸೊಂಟಕ್ಕೆ ಸೊಂಟ ತಾಗಿಸಿ ಎದುರಾಳಿ ಮುಂಸಾಲಿನ ಟ್ಯಾಕಲ್‌ನನ್ನು ಹಿಂದಕ್ಕೆ ದೂಡಬೇಕು, ಆದರೆ ಇಬ್ಬರ ಕಣ್ಣೂ ಅವನ ಹಿಂದೆ ನಿಲ್ಲುವ ರಕ್ಷಣಾ ಆಟಗಾರ ಲೈನ್‌ಬ್ಯಾಕರ್ ಮೇಲಿರಬೇಕು. ಲೈನ್‌ಬ್ಯಾಕರ್ ಯಾರ ಕಡೆಗೆ ನುಗ್ಗುತ್ತಾನೋ ಅವರು ಮಾತ್ರ ಬಿಡಿಸಿಕೊಂಡು ಹೋಗಿ ಅವನನ್ನು ತಡೆಯಬೇಕು. ತಡವಾಗಿ ಹೋದರೆ ಲೈನ್‌ಬ್ಯಾಕರ್ ದಾರಿ ಮುಚ್ಚಿಬಿಡುತ್ತಾನೆ. ಬೇಗ ಹೋದರೆ, ಕಬಡ್ಡಿಯಲ್ಲಿ ಕೈಕೈ ಹಿಡಿದು ನಿಂತವರಲ್ಲಿ ಒಬ್ಬ ಕೈಬಿಟ್ಟ ಹಾಗೆ, ಆ ಸಂದಿಯಲ್ಲೇ ಟ್ಯಾಕಲ್ ನುಸುಳುತ್ತಾನೆ. ನಮ್ಮ ಸೆಂಟರ್ ಒಂದೇ ಒಂದು ಹೆಜ್ಜೆ ಬೇಗ ಹೋಗಿದ್ದ. ಚೆಂಡು ಕೈಸೇರುವಷ್ಟರಲ್ಲೇ ಬ್ಯಾಕ್‌ನ ಎದೆಗೆ ಟ್ಯಾಕಲ್‌ನ ಭುಜ ಬಡಿದಿತ್ತು.

“ಹಾಗಾದರೆ ಆ ಸೆಂಟರ್ ಹುಡುಗನದೇ ತಪ್ಪು, ಅಲ್ಲವಾ ಸರ್?” ಎಂದರು ಅವರು. ಅದೂ ಅಲ್ಲ. ಗಾರ್ಡ್ ತನ್ನ ಸೊಂಟವನ್ನು ಒಳಕ್ಕೆ ತಿರುಗಿಸಿ ಟ್ಯಾಕಲ್‌ನನ್ನು ಪೂರ್ತಿ ತನ್ನ ಮೇಲೆ ತೆಗೆದುಕೊಂಡಿರಲಿಲ್ಲ. ಇಬ್ಬರೂ ಸೇರಿ ಮಾಡಬೇಕಾದ ಕೆಲಸದಲ್ಲಿ ಒಬ್ಬನನ್ನೇ ಬೊಟ್ಟು ಮಾಡಿ ತೋರಿಸಲು ನಾನು ಸಿದ್ಧನಿಲ್ಲ.

ಎಲ್ಲವೂ ಲೈನ್‌ನಿಂದಲೇ ಆಗುತ್ತದೆಂದು ನಾನು ಹೇಳುತ್ತಿಲ್ಲ. ನ್ಯೂಯಾರ್ಕ್ ಜೈಂಟ್ಸ್‌ನಲ್ಲಿ 2023ರಲ್ಲಿ ಓಟವೊಂದಕ್ಕೆ ಸರಾಸರಿ 3.9 ಗಜ ಪಡೆದ ಸೇಕ್ವಾನ್ ಬಾರ್ಕ್ಲಿ, ಮರುವರ್ಷ ಫಿಲಡೆಲ್ಫಿಯಾ ಈಗಲ್ಸ್ ಸೇರಿ 5.8ರ ಸರಾಸರಿಯಲ್ಲಿ 2,005 ಗಜ ಓಡಿದ್ದರಲ್ಲಿ ಅಲ್ಲಿನ ಬಲಿಷ್ಠ ಲೈನ್‌ನ ಪಾಲು ದೊಡ್ಡದು. ಆದರೂ ತಾನೇ ಓಡಬಲ್ಲ ಕ್ವಾರ್ಟರ್‌ಬ್ಯಾಕ್ (ಚೆಂಡು ಪಡೆದು ಹಂಚುವ ಆಟಗಾರ) ಪಕ್ಕದಲ್ಲಿದ್ದದ್ದು, ಬಾರ್ಕ್ಲಿಯ ಸ್ವಂತ ಕಣ್ಣು ಮತ್ತು ಕಾಲು, ಇವನ್ನು ಬದಿಗಿಡುವಂತಿಲ್ಲ. ಎದುರಾಳಿಗಳು ಎಂಟು ಜನರನ್ನು ಮುಂದೆ ನಿಲ್ಲಿಸಿದರೆ ಎಷ್ಟೇ ಒಳ್ಳೆಯ ಲೈನ್‌ಗೂ ಆಳು ಸಾಲುವುದಿಲ್ಲ.

ಆ ಇಬ್ಬರು ಹುಡುಗರು ಅಂದಿನಿಂದ ಅಭ್ಯಾಸ ಮುಗಿದ ಮೇಲೂ ಕತ್ತಲಾಗುವವರೆಗೆ ಅದೇ ಎರಡು ಹೆಜ್ಜೆಗಳನ್ನು ತಿದ್ದುತ್ತಿದ್ದರು. ಮುಂದಿನ ಶುಕ್ರವಾರ ಪಂದ್ಯಕ್ಕೆ ಬರುವವರು ಚೆಂಡು ಹೊರಟ ಮೊದಲ ಎರಡು ಕ್ಷಣ ಚೆಂಡನ್ನು ಬಿಟ್ಟು ಅವರಿಬ್ಬರ ಸೊಂಟವನ್ನು ನೋಡಿ, ಆಮೇಲೆ ನನ್ನ ಬಳಿ ಬನ್ನಿ.