‘ಹುಬ್ಬಳ್ಳಿಗೆ ಒಯ್ಯಿರಿ’: ಒಂದು ಸರ್ಕಾರಿ ಬೋಧನಾ ಆಸ್ಪತ್ರೆ ಹೊತ್ತ ಭಾರ

ಹಾವೇರಿ, ಗದಗ ಜಿಲ್ಲೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ರೋಗಿಯ ಸ್ಥಿತಿ ಕೈಮೀರುವಂತೆ ಕಂಡರೆ ಸಿಗುವ ಸೂಚನೆ ಒಂದೇ: ‘ಹುಬ್ಬಳ್ಳಿಗೆ ಒಯ್ಯಿರಿ’. ಬಡವರ ಪಾಲಿಗೆ ಹುಬ್ಬಳ್ಳಿ ಎಂದರೆ ವಿದ್ಯಾನಗರದ ಕಿಮ್ಸ್ (ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್), ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಸರ್ಕಾರ ಈಚೆಗೆ ಅದರ ಹೆಸರನ್ನು ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂದು ಬದಲಿಸಿದೆ. ಜನರ ಬಾಯಲ್ಲಿ ಅದು ಇನ್ನೂ ಕಿಮ್ಸ್, ಹಿರಿಯರಿಗೆ ಕೆಎಂಸಿ, ಅಂದರೆ ಹಳೆಯ ಕರ್ನಾಟಕ ಮೆಡಿಕಲ್ ಕಾಲೇಜು.

ಏಕೀಕರಣಕ್ಕೆ ಮೊದಲು ಧಾರವಾಡ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ವೈದ್ಯರಾಗಬಯಸಿದವರು ಮುಂಬೈ, ಪುಣೆಗಳತ್ತ ಹೋಗುತ್ತಿದ್ದರು. ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದವರು ಮಿರಜ್‌ನ ಮಿಷನ್ ಆಸ್ಪತ್ರೆಗೆ ರೈಲು ಹತ್ತುತ್ತಿದ್ದರು. ಹಳೆಯ ಮೈಸೂರು ಸೀಮೆಗೆ 1924ರಲ್ಲೇ ಒಂದು ಮೆಡಿಕಲ್ ಕಾಲೇಜು ದಕ್ಕಿತ್ತು, 1955ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಬಂದಿತು. ಏಕೀಕರಣವಾದ ಮರುವರ್ಷವೇ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕಾಲೇಜು ತೆರೆದದ್ದು ಈ ಅಂತರವನ್ನು ತುಂಬಿದ ಹೆಜ್ಜೆ.

ಬೋಧನಾ ಆಸ್ಪತ್ರೆಯನ್ನು ನಾವು ಬರೀ ‘ದೊಡ್ಡ ಆಸ್ಪತ್ರೆ’ ಎಂದುಕೊಳ್ಳುತ್ತೇವೆ. ಅಲ್ಲಿ ಪಾಠವೂ ಚಿಕಿತ್ಸೆಯೂ ಒಂದೇ ಹಾಸಿಗೆಯ ಬಳಿ ನಡೆಯುತ್ತವೆ. ಬೆಳಗಿನ ರೌಂಡ್ಸ್‌ನಲ್ಲಿ ಪ್ರಾಧ್ಯಾಪಕರು ಕೇಳುವ ಪ್ರಶ್ನೆಗೆ ಉತ್ತರಿಸಲೆಂದೇ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿ ರಾತ್ರಿಯೆಲ್ಲ ಆ ರೋಗಿಯನ್ನು ಗಮನಿಸಿರುತ್ತಾನೆ. ಹಾವು ಕಚ್ಚಿದವರು, ಕೀಟನಾಶಕ ಕುಡಿದವರು, ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾದವರು, ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಂದಿರು ನಡುರಾತ್ರಿ ಬಂದಾಗ ಮೊದಲು ಕೈಹಚ್ಚುವವರು ಹೌಸ್ ಸರ್ಜನ್‌ಗಳು (ಎಂಬಿಬಿಎಸ್ ಓದು ಮುಗಿಸಿ ಇಂಟರ್ನ್‌ಶಿಪ್‌ನಲ್ಲಿರುವವರು) ಮತ್ತು ಪಿಜಿಗಳು. ಕಲಿಯುವವರು ಇರುವುದರಿಂದಲೇ ಆ ಹೊತ್ತಿನಲ್ಲೂ ಅಲ್ಲಿ ವೈದ್ಯರು ಸಿಗುತ್ತಾರೆ. ಬಡರೋಗಿಗಳ ಮೇಲೆ ಪ್ರಯೋಗ ನಡೆಯುತ್ತದೆ ಎಂದು ಹಗುರವಾಗಿ ಆಡುವವರು ಇದನ್ನು ತಿಳಿಯಬೇಕು. ಹಾಗೆಂದು, ಎಳೆಯ ವೈದ್ಯರನ್ನು ನಿದ್ದೆಗೆಡಿಸಿಯೇ ವ್ಯವಸ್ಥೆ ನಡೆಸುವುದನ್ನು ನಾನು ಒಪ್ಪಲಾರೆ.

1996ರಲ್ಲಿ ಕಾಲೇಜು ಸ್ವಾಯತ್ತ ಸಂಸ್ಥೆಯಾಗಿ ಕಿಮ್ಸ್ ಎನಿಸಿತು. ಮರುವರ್ಷ ಧಾರವಾಡದಿಂದ ಗದಗ ಮತ್ತು ಹಾವೇರಿ ಬೇರೆಯಾದವು. ನನ್ನ ಪ್ರಕಾರ ಇಂದಿನ ದಟ್ಟಣೆಯ ಬೇರು ಇಲ್ಲಿದೆ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಗಳೆಲ್ಲ ಹೊಸ ಊರುಗಳಿಗೆ ಬಂದವು, ಮೆಡಿಕಲ್ ಕಾಲೇಜು ಬರಲಿಲ್ಲ. ಗದಗಕ್ಕೆ ಅದು ಬಂದದ್ದು 2015ರಲ್ಲಿ, ಹಾವೇರಿಗೆ 2022–23ನೇ ಸಾಲಿನಲ್ಲಿ. ಅಷ್ಟು ಕಾಲ ಗದಗದವರು ಸುಮಾರು 60 ಕಿಲೋಮೀಟರ್, ಹಾವೇರಿಯವರು ಸುಮಾರು 75 ಕಿಲೋಮೀಟರ್ ದೂರದ ಹುಬ್ಬಳ್ಳಿಯನ್ನೇ ನಂಬಿದರು. ಉತ್ತರ ಕನ್ನಡ, ಕೊಪ್ಪಳ, ಬಾಗಲಕೋಟೆಗಳಿಂದಲೂ ರೋಗಿಗಳು ಬರುತ್ತಿದ್ದರು.

ನಡುವೆ ಬಂದ ಒಳ್ಳೆಯ ಯೋಜನೆಗಳೂ ಹೊರೆಯನ್ನು ಇಲ್ಲಿಗೇ ತಂದವು. 2008ರ ನವೆಂಬರ್‌ನಲ್ಲಿ ಆರಂಭವಾದ 108 ಆಂಬುಲೆನ್ಸ್, ಊರಲ್ಲೇ ಜೀವ ಬಿಡುತ್ತಿದ್ದವರನ್ನು ಆಸ್ಪತ್ರೆಗೆ ಮುಟ್ಟಿಸಿತು. ಚಿಕಿತ್ಸೆಯ ವೆಚ್ಚಕ್ಕೆ ಸರ್ಕಾರ ನೆರವಾಗುವ 2018ರ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ, ತುರ್ತು ಪ್ರಕರಣಗಳನ್ನು ಬಿಟ್ಟರೆ, ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ಖಾಸಗಿಗೆ ರೆಫರಲ್ ಪತ್ರ. ನಿಯಮ ಸರಿಯಾದದ್ದೇ, ಸರ್ಕಾರದ ಹಣ ಮೊದಲು ಸರ್ಕಾರಿ ಆಸ್ಪತ್ರೆಗೆ ಸಲ್ಲಬೇಕು. ಆದರೆ ಅದರಿಂದ ಹೆಚ್ಚುವ ಸಾಲಿಗೆ ತಕ್ಕಂತೆ ವೈದ್ಯರು, ನರ್ಸ್‌ಗಳು, ಹಾಸಿಗೆಗಳೂ ಹೆಚ್ಚಬೇಕಲ್ಲವೇ?

ಪಕ್ಕದಲ್ಲೇ ಎರಡು ಕಾಲೇಜುಗಳಾದವು, ಇನ್ನೇಕೆ ಹುಬ್ಬಳ್ಳಿ ಎಂದು ಕೇಳುವವರಿದ್ದಾರೆ. ಕಟ್ಟಡ ಎದ್ದ ದಿನವೇ ಬೋಧನಾ ಆಸ್ಪತ್ರೆ ಹುಟ್ಟುವುದಿಲ್ಲ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಹೊಸ ಕಾಲೇಜಿನ ಮೊದಲ ತಂಡ ವಾರ್ಡಿನಲ್ಲಿ ಹೌಸ್ ಸರ್ಜನ್ ಆಗಿ ನಿಲ್ಲುವುದು ಆಗಲೇ. ಪಿಜಿ ಸೀಟುಗಳು, ನರ ಶಸ್ತ್ರಚಿಕಿತ್ಸಕರು, ಹೃದ್ರೋಗ ತಜ್ಞರು ಸಿಗುವುದು ಇನ್ನೂ ನಿಧಾನ.

ಹೀಗಾಗಿ ಗದಗ, ಹಾವೇರಿಗಳಿಗೆ ಈಗ ಬೇಕಿರುವುದು ಉದ್ಘಾಟನೆಗಿಂತ ಹೆಚ್ಚಾಗಿ ತಜ್ಞರ ಹುದ್ದೆ ಮತ್ತು ಪಿಜಿ ಸೀಟು. ಜೊತೆಗೆ ಮೂರೂ ಕಾಲೇಜುಗಳ ನಡುವೆ ಗಟ್ಟಿಯಾದ ಏರ್ಪಾಡೊಂದು ಬೇಕು: ರೋಗಿಯನ್ನು ಕಳುಹಿಸುವ ಮೊದಲೇ ಐಸಿಯು ಹಾಸಿಗೆ, ವೆಂಟಿಲೇಟರ್ ಖಾಲಿ ಇದೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಚೇತರಿಸಿಕೊಂಡವರ ಮುಂದಿನ ಚಿಕಿತ್ಸೆಯನ್ನು ಅವರ ಜಿಲ್ಲೆಗೇ ಒಪ್ಪಿಸಬೇಕು. ಹೊಲಿಗೆ ಬಿಚ್ಚಿಸಿಕೊಳ್ಳಲು ಹಿರೇಕೆರೂರಿನ ರೈತನೊಬ್ಬ ಒಂದು ದಿನದ ದುಡಿಮೆ ಬಿಟ್ಟು, ಬಸ್ಸಿನ ಹಣ ತೆತ್ತು ವಿದ್ಯಾನಗರಕ್ಕೆ ಬರಬೇಕಾದ ಅಗತ್ಯವಿಲ್ಲ.