ಓಟಿಪಿ ಮಗನ ಫೋನಿಗೆ ಬರುತ್ತದೆ

ಗದಗ ಸೀಮೆಯ ಒಂದು ಊರು. ಅಲ್ಲಿನ ಆನ್‌ಲೈನ್ ಸೆಂಟರ್‌ನಲ್ಲಿ ಮೊನ್ನೆ ನನಗಿಂತ ಮುಂದೆ ಒಬ್ಬ ಅಜ್ಜಿ ಕೂತಿದ್ದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ರೇಷನ್ ಕಾರ್ಡು, ಪಾಸ್‌ಬುಕ್ಕು, ಆಧಾರ್. ಆಧಾರ್ ಜೆರಾಕ್ಸಿನ ಹಿಂದೆ ಯಾರೋ ಬಾಲ್ ಪೆನ್ನಿನಲ್ಲಿ ಮೊಬೈಲ್ ನಂಬರ್ ಬರೆದುಕೊಟ್ಟಿದ್ದರು.

‘ಓಟಿಪಿ ಬಂತೇನ್ ನೋಡಬೇ ಯವ್ವಾ’ ಅಂದ ಕಂಪ್ಯೂಟರ್ ಮುಂದಿದ್ದ ಹುಡುಗ.

‘ಫೋನ್ ಮಗನ ಕಡೆ ಐತೆಪಾ. ಅವ ಹುಬ್ಬಳ್ಳ್ಯಾಗ ಅದಾನ.’

ಹುಡುಗ ತನ್ನ ಫೋನಿನಿಂದಲೇ ಮಗನಿಗೆ ಹಚ್ಚಿದ. ಆ ಕಡೆಯಿಂದ ಮಗ ಆರು ಅಂಕಿ ಓದಿದ, ಈ ಕಡೆ ಹುಡುಗ ಒತ್ತಿದ. ಅಷ್ಟರಲ್ಲಿ ಟೈಮ್ ಮುಗಿದಿತ್ತು. ಮತ್ತೆ ಮೊದಲಿಂದ. ‘ಓಟಿಪಿ ಯಾರಿಗೂ ಹೇಳಬೇಡಿ’ ಅಂತ ಬ್ಯಾಂಕಿನವರು ಕಳಿಸುವ ಮೆಸೇಜೂ ಮಗನ ಫೋನಿಗೇ ಹೋಗುತ್ತದೆ, ಅಲ್ವಾ?

ಹಳ್ಳಿಯವರ ಸರ್ಕಾರಿ ಕೆಲಸ ಕಂಪ್ಯೂಟರಿಗೆ ಹೋದ ಕತೆ ಶುರುವಾಗಿದ್ದು ಉತಾರದಿಂದ, ಅಂದರೆ ಹೊಲದ ದಾಖಲೆಯಿಂದ. ಸರ್ಕಾರದ ಕಾಗದದಲ್ಲಿ ಅದು ಪಹಣಿ, ನಮ್ಮ ಕಡೆ ಉತಾರ. ಬೆಳೆಸಾಲಕ್ಕೆ ಸೊಸೈಟಿಗೆ ಹೋಗಬೇಕಾದರೂ ಅದು ಬೇಕು. ಮೊದಲೆಲ್ಲ ಅದನ್ನು ತಲಾಟಿ, ಅಂದರೆ ಊರಿನ ಗ್ರಾಮ ಲೆಕ್ಕಿಗರು, ಕೈಯಲ್ಲೇ ಬರೆದುಕೊಡಬೇಕಿತ್ತು. ತಲಾಟಿ ಸಿಗುವುದೇ ಒಂದು ಕೆಲಸ, ಸಿಕ್ಕ ಮೇಲೆ ಅವರ ಮರ್ಜಿ ಇನ್ನೊಂದು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ತಾಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಇದು ಸಣ್ಣ ಬದಲಾವಣೆಯಲ್ಲ. ಆದರೆ ರೈತ ಕಿಟಕಿಯ ಹೊರಗೇ ನಿಂತಿದ್ದ. ಕಂಪ್ಯೂಟರ್ ಕಲಿತದ್ದು ಒಳಗೆ ಕೂತವರು.

ಮುಂದಿನ ಇಪ್ಪತ್ತು ವರ್ಷ ಸರ್ಕಾರ ಮಾಡಿದ್ದು ಆ ಕಿಟಕಿಯನ್ನು ಊರ ಹತ್ತಿರ ತರುವ ಕೆಲಸ. ಹೋಬಳಿಗೆ ನೆಮ್ಮದಿ ಕೇಂದ್ರ ಬಂತು. 2012ರ ಕೊನೆಗೆ ಅದರ ಜಾಗಕ್ಕೆ ಅಟಲ್‌ಜೀ ಜನಸ್ನೇಹಿ ಕೇಂದ್ರ. ಪಂಚಾಯ್ತಿಯಲ್ಲಿ ಬಾಪೂಜಿ ಸೇವಾ ಕೇಂದ್ರ, 2022ರಲ್ಲಿ ಗ್ರಾಮ ಒನ್. ಬೋರ್ಡುಗಳು ಬದಲಾದವು. ಬಸ್ ಖರ್ಚು ಉಳಿಯಿತು, ಅದನ್ನು ಒಪ್ಪಲೇಬೇಕು.

ಹಾಗಾದರೆ ಕಲಿಸುವ ಕೆಲಸ? ಅದು ಬೇರೆ ದಾರಿಯಲ್ಲಿ ನಡೆಯಿತು. 2014ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಿಜಿಟಲ್ ಸಾಕ್ಷರತಾ ಮಿಷನ್ ಶುರು ಮಾಡಿತು. 2017ರಲ್ಲಿ ಬಂದದ್ದು ಇನ್ನೂ ದೊಡ್ಡದು: ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ. 2,351 ಕೋಟಿ ರೂಪಾಯಿ, 6 ಕೋಟಿ ಹಳ್ಳಿ ಮನೆಗಳ ಗುರಿ. 20 ತಾಸಿನ ಪಾಠ, ಕೊನೆಗೆ ಆನ್‌ಲೈನ್ ಪರೀಕ್ಷೆ. 2024ರ ಮಾರ್ಚಿಗೆ ಯೋಜನೆ ಮುಗಿದಾಗ ಸುಮಾರು 6.39 ಕೋಟಿ ಮಂದಿ ತರಬೇತಿ ಪಡೆದಿದ್ದರು. ಸರ್ಟಿಫಿಕೇಟ್ ಸಿಕ್ಕಿದ್ದು 4.77 ಕೋಟಿ ಜನಕ್ಕೆ.

ಈ ಅಂಕಿಗಿಂತ ನನಗೆ ಮುಖ್ಯ ಅನ್ನಿಸುವುದು ಯೋಜನೆಯ ನಿಯಮ. ಒಂದು ಮನೆಗೆ ಒಬ್ಬರು. ವಯಸ್ಸು 14ರಿಂದ 60. ಅದೂ ಮನೆಯಲ್ಲಿ ಯಾರಿಗೂ ಕಂಪ್ಯೂಟರ್, ಮೊಬೈಲಿನ ಇಂಥ ಕೆಲಸ ಬಾರದಿದ್ದರೆ ಮಾತ್ರ. ಒಬ್ಬರಿಗೆ ಬಂದರೆ ಮನೆಗೆಲ್ಲ ಬಂದಂತೆ ಅನ್ನುವ ಲೆಕ್ಕ. ದಿಲ್ಲಿಯಲ್ಲಿ ಕೂತು ಹಾಕಿದರೆ ಸರಿಯಾಗೇ ಕಾಣುತ್ತದೆ. ನಮ್ಮ ಕಡೆ ಆ ಒಬ್ಬರು ಯಾರು? ಜಾಸ್ತಿ ಮನೆಗಳಲ್ಲಿ ಹತ್ತನೇ ಇಯತ್ತೆಯೋ ಪಿಯುಸಿಯೋ ಮುಗಿಸಿದ ಮಗ. ಅವನೇ ಮೊದಲು ಹುಬ್ಬಳ್ಳಿಗೋ ಬೆಂಗಳೂರಿಗೋ ಕೆಲಸ ಹುಡುಕಿ ಹೋಗುವವನು. ಮನೆಯ ಡಿಜಿಟಲ್ ಸಾಕ್ಷರತೆ ಅವನ ಜೊತೆಗೇ ಬಸ್ ಹತ್ತುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಅಂದ ಗಂಡಸರು ದೇಶದಲ್ಲಿ ನೂರಕ್ಕೆ 57, ಹೆಂಗಸರು 33. ಹೀಗಿದ್ದಾಗಲೇ 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಬಂತು. ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಯ ಹೆಸರಿಗೆ. ಸೆಂಟರ್‌ಗಳ ಮುಂದೆ ಹೆಂಗಸರ ಪಾಳಿ. ದುಡ್ಡು ಯಜಮಾನಿಯದು, ನಂಬರ್ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡನದು, ಇಲ್ಲವೇ ಮಗನದು.

ಕರ್ನಾಟಕ ಮಾಡಿದ ಒಂದು ಕೆಲಸ ನನಗೆ ಹಿಡಿಸಿದೆ. 2019ರಲ್ಲಿ ಪಂಚಾಯ್ತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ತಂದರು. 5 ಸಾವಿರಕ್ಕೂ ಜಾಸ್ತಿ ಇವೆ. ಈಗ ಅವುಗಳ ಹೆಸರು ಅರಿವು ಕೇಂದ್ರ. ‘ಗ್ರಾಮ ಡಿಜಿವಿಕಸನ’ದಲ್ಲಿ ಕಂಪ್ಯೂಟರ್, ಟಿವಿ, ಮೊಬೈಲ್ ಕೂಡ ಅಲ್ಲಿಗೆ ಬಂದವು. ಅಲ್ಲಿ ಅರ್ಜಿ ತುಂಬುವ ಅವಸರವಿಲ್ಲ, ಹಿಂದೆ ಪಾಳಿ ಇಲ್ಲ. ತಪ್ಪು ಒತ್ತಿದರೂ ಯಾರೂ ಬಯ್ಯುವುದಿಲ್ಲ. ಕಲಿಯಲಿಕ್ಕೆ ಬೇಕಾದದ್ದು ಅದೇ. ಒಂದೇ ಕೊರತೆ ಅಂದರೆ, ಅಲ್ಲಿ ಮಕ್ಕಳು ಕಾಣುತ್ತಾರೆ, ಅಜ್ಜಿಯರು ಕಾಣುವುದಿಲ್ಲ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಡಿಜಿಟಲ್ ಸೇವೆ ಕೈಗೆಟುಕುವುದು ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೆವೈಸಿಯಲ್ಲಿ, ಅಂದರೆ ಗ್ರಾಹಕರ ಗುರುತು ಖಚಿತ ಮಾಡಿಕೊಳ್ಳುವಾಗ, ಕಣ್ಣು ಮಿಟುಕಿಸಿ ಅನ್ನುವ ಆ್ಯಪ್‌ಗಳಿಂದ ಒದ್ದಾಡಿದ ಆ್ಯಸಿಡ್ ದಾಳಿ ಸಂತ್ರಸ್ತರು, ಅಂಧರು ಹಾಕಿದ್ದ ಅರ್ಜಿಯ ಮೇಲೆ ಬಂದ ತೀರ್ಪು ಅದು.

ನಮ್ಮ ಅಜ್ಜಿಯ ಕೆಲಸ ಮೂರನೇ ಓಟಿಪಿಗೆ ಆಯಿತು. ಹುಡುಗ ಕೊಟ್ಟ ಪ್ರಿಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಎದ್ದವರು ಮತ್ತೆ ಕೂತರು.

‘ನನ್ನ ಹತ್ರಾನೂ ಒಂದ್ ಸಣ್ಣ ಫೋನ್ ಐತಿ. ಅದರ ನಂಬರ್ ಹಾಕಾಕ ಬರಂಗಿಲ್ಲೇನಪಾ?’

‘ಬರತೈತಬೇ. ಮೊದಲ ಆಧಾರ್‌ದಾಗ ನಂಬರ್ ಬದಲ್ ಮಾಡಸಬೇಕ. ಅದಕ್ಕ ಗದಗಿಗೆ ಹೋಗಬೇಕ ನೋಡ’ ಅಂದ ಹುಡುಗ.